ಎರಡು ತಲೆಯ ಬೀಗದಕೈ

"ಹೊಸಿಲಿನಿಂದ ಆಚೆ ಒಂದು ಹೆಜ್ಜೆ ಇಟ್ರೆ ನೀವು ಇನ್ಸ್‌ಪೆಕ್ಟರು. ಈಚೆ ನಿಂತ್ರೆ ಮನೆಗೆ ನುಗ್ಗಿದ ಕಳ್ಳ. ಇವತ್ತು ಅಷ್ಟೇ ನಿಮ್ಮ ಬೆಲೆ!"

"ಕಳ್ಳ ಅಂದ್ಯಾ? ಇನ್ನೊಂದ್ಸಲ ಅನ್ನು, ಹಲ್ಲು ಉದುರಿಸಿ ಕೈಗೆ ಕೊಡ್ತೀನಿ! ಯುದ್ಧ ಮುಗಿದ ಹೊಸದರಲ್ಲಿ ಮರದ ಚಪ್ಪಲಿ ಹಾಕ್ಕೊಂಡು ಬಂದು ನನ್ನ ಮೇಜಿನ ಮುಂದೆ ನಿಂತಿದ್ದೆಯಲ್ಲ, ಮರೆತುಹೋಯ್ತೇನೋ ಟೀಲೆ? ಬೆರಳಚ್ಚು ಎತ್ತೋದು ಹೇಳಿಕೊಟ್ಟಿದ್ದು ಯಾರು? ನಾನೋ, ನಿನ್ನ ಆ ರಷ್ಯನ್ ಕ್ಯಾಪ್ಟನ್ನೋ?"

ಎಮಿಲ್ ಕುಶ್ಕೆಯ ಗಂಟಲಿಗೆ ವಠಾರದ ಓಣಿಯೆಲ್ಲ ಗುಂಯ್ ಎಂದಿತು. ಮಹಡಿಯ ಮೇಲೆ ಎರಡು ಬಾಗಿಲು ತೆರೆದು, ಕೆಳಗಿರುವವರು ಪೊಲೀಸರೆಂದು ಗೊತ್ತಾಗುತ್ತಲೇ ಮುಚ್ಚಿಕೊಂಡವು.

ಲೋಥರ್ ಟೀಲೆ ನಕ್ಕ. "ಕೂಗಿ ಕೂಗಿ. ಕೇಳಿಸಿಕೊಂಡು ಬಿಡಿಸೋಕೆ ಬರೋರು ಯಾರೂ ಇಲ್ಲ."

ಅವನು ಹೇಳಿದ್ದು ಸುಳ್ಳಲ್ಲ. ಬರ್ಲಿನ್ನಿನ ಬೆರ್ನಾವರ್ ಬೀದಿಯ ಆ ವಠಾರಕ್ಕೆ ಇದ್ದದ್ದು ಎರಡೇ ಬಾಯಿ. ಮುಂದೆ ಬೀದಿ ಬಾಗಿಲು, ಹಿಂದೆ ಅಂಗಳದ ಕದ, ನಡುವೆ ಹಾಡುಹಗಲಲ್ಲೂ ಕತ್ತಲೆ ತುಂಬಿದ ಓಣಿ. ಅಂಗಳದ ಕದದಲ್ಲಿ ಟೀಲೆಯ ಪೇದೆಯೊಬ್ಬ ಬಂದೂಕು ಹಿಡಿದು ನಿಂತಿದ್ದ. ಬೀದಿ ಬಾಗಿಲಿಗೆ ಬೆನ್ನು ಕೊಟ್ಟು ಇನ್ನೊಬ್ಬ ಪೇದೆ ಕ್ನೋರ್ ನಿಂತಿದ್ದ. ಅವನ ಎಡಗೈಗೂ ಒಬ್ಬ ಬಡಕಲು ಹುಡುಗನ ಬಲಗೈಗೂ ಒಂದೇ ಬೇಡಿ.

ಆ ಹುಡುಗನೇ ಕೊನ್ರಾಡ್. ಸಿಲೇಸಿಯಾದ ಹಳ್ಳಿಯೊಂದರಿಂದ ಓಡಿಬಂದ ನಿರಾಶ್ರಿತ. ಇದೇ ಮೆಟ್ಟಿಲ ಬುಡದಲ್ಲಿ ಕಾರ್ಮಿಕ ಸಂಘದ ಬ್ರೂನೊ ಮಾಲ್ಕೊನ ಕತ್ತು ಹಿಸುಕಿ ಕೊಂದನೆಂದು, ರಷ್ಯನ್ನರ ಹಿಡಿತದಲ್ಲಿದ್ದ ಪೂರ್ವದ ಪೊಲೀಸರು ಹಿಡಿದದ್ದು ಅವನನ್ನೇ. ಸಂಜೆಗೆ ರಷ್ಯನ್ನರು ಬಂದು ಅವನನ್ನು ಒಯ್ಯುವವರಿದ್ದರು. ಹಾಗೆ ಒಯ್ದವರು ಯಾರೂ ಮರಳಿ ಬಂದದ್ದನ್ನು ಬರ್ಲಿನ್ನಿನಲ್ಲಿ ಕಂಡವರಿಲ್ಲ.

ಕುಶ್ಕೆ ಬಂದದ್ದು ಅದಕ್ಕೇ. ವಠಾರದ ಬಾಗಿಲು ಕಾಯುವ ಹೆಡ್ವಿಗ್ ಮುದುಕಿಯ ಹೇಳಿಕೆ ಪಡೆದು, ಬೀದಿ ಬಾಗಿಲಿಂದ ಬಂದ ಹಾಗೇ ಹೊರಟುಹೋಗಬೇಕೆಂದಿದ್ದ. ಅಷ್ಟರಲ್ಲಿ ಅಂಗಳದ ಕಡೆಯಿಂದ ಟೀಲೆ ಕೈದಿಯೊಡನೆ ಒಳಗೆ ಬಂದುಬಿಟ್ಟಿದ್ದ. ಆರೋಪಿಯನ್ನು ಕೊಲೆ ನಡೆದ ಜಾಗಕ್ಕೆ ತಂದು ಎಲ್ಲವನ್ನೂ ಅವನಿಂದಲೇ ಮಾಡಿಸಿ ನೋಡುವುದು ಇಲಾಖೆಯ ಹಳೆಯ ಪದ್ಧತಿ. ಆ ಶಾಸ್ತ್ರವೊಂದು ಬಾಕಿ ಇತ್ತು.

ಯುದ್ಧ ಗೆದ್ದವರು ಊರು ಹಂಚಿಕೊಂಡಾಗ ಯಾವ ಪುಣ್ಯಾತ್ಮ ಗೆರೆ ಎಳೆದನೋ, ಮನೆಗಳು ರಷ್ಯನ್ನರ ಪಾಲಾದವು, ಮನೆ ಮುಂದಿನ ಕಾಲುದಾರಿ ಫ್ರೆಂಚರ ಪಾಲಾಯಿತು. ಮೂರು ವರ್ಷ ಅದು ಯಾರಿಗೂ ತೊಡಕಾಗಿರಲಿಲ್ಲ. ಈಗ ಒಟ್ಟಿಗೆ ಗೆದ್ದವರೇ ಒಬ್ಬರ ಗಂಟಲಿಗೆ ಒಬ್ಬರು ಕೈ ಹಾಕಿದ್ದರು. ಫ್ರೆಂಚರು, ಅಮೆರಿಕದವರು ಇದ್ದ ಪಶ್ಚಿಮ ಭಾಗಕ್ಕೆ ರಷ್ಯನ್ನರು ರೈಲು, ರಸ್ತೆ ಎಲ್ಲ ಮುಚ್ಚಿದ್ದರು. ಹಿಟ್ಟು, ಕಲ್ಲಿದ್ದಲು ಎಲ್ಲ ವಿಮಾನದಲ್ಲೇ ಬರಬೇಕು. ಹೋದ ತಿಂಗಳು ಪೊಲೀಸ್ ಇಲಾಖೆಯೂ ಸೀಳಿತು. ಕುಶ್ಕೆ ಪಶ್ಚಿಮಕ್ಕೆ ಹೋದ. ಟೀಲೆ ಪೂರ್ವದಲ್ಲೇ ಉಳಿದು ಕುಶ್ಕೆ ಬಿಟ್ಟ ಕುರ್ಚಿಯಲ್ಲಿ ಕೂತ.

ಆ ಕಾಲುದಾರಿಯಿಂದ ಕುಶ್ಕೆ ಈಗ ಒಂದು ಹಲಗೆಯಷ್ಟು ದೂರದಲ್ಲಿದ್ದ. ಆಚೆ ಯಾರೋ ನಡೆದುಹೋದ ಸದ್ದು ಕೇಳುತ್ತಿತ್ತು, ಮಗು ಅಳುವುದು ಕೇಳುತ್ತಿತ್ತು. ಚಂದ್ರಲೋಕವಾದರೂ ಅಷ್ಟು ದೂರವಿರಲಿಕ್ಕಿಲ್ಲ.

"ಹಳೇ ಋಣಕ್ಕೆ ಒಂದು ಮಾತು ಹೇಳ್ತೀನಿ," ಟೀಲೆ ದನಿ ತಗ್ಗಿಸಿದ. "ಕ್ಯಾಪ್ಟನ್ ಬರೋ ಮುಂಚೆ ಹೊರಟುಬಿಡಿ. ನಾನು ನಿಮ್ಮನ್ನ ನೋಡಿಲ್ಲ. ಇಲ್ಲೇ ಇದ್ರೆ ಒಂದೇ ಗಾಡೀಲಿ ಇಬ್ಬರನ್ನೂ ತುಂಬ್ತಾರೆ."

"ಹುಡುಗನ್ನ ಬಿಡು, ಹೋಗ್ತೀನಿ."

"ಅಮೆರಿಕದವರ ಏಜೆಂಟನ್ನ ಬಿಡ್ಬೇಕಾ?"

"ಏಜೆಂಟು!" ಕುಶ್ಕೆ ಕೊನ್ರಾಡನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದ. ಕೆಳತುಟಿ ಒಡೆದು ಊದಿತ್ತು. "ಇವನ ಕಾಲಲ್ಲಿರೋ ಬೂಟು ನೋಡು, ಒಂದೊಂದು ಒಂದೊಂದು ಜೊತೆದು. ಅಮೆರಿಕದವರು ಏಜೆಂಟರಿಗೆ ಒಂದು ಜೊತೆ ಬೂಟು ಕೊಡಲಾರದಷ್ಟು ಬಡವರಾದ್ರಾ?"

ಕ್ನೋರ್ ನಗು ನುಂಗಿಕೊಂಡ. ಟೀಲೆ ಅವನತ್ತ ನೋಡಿದ ನೋಟಕ್ಕೆ ನಗು ಒಳಗೇ ಸತ್ತಿತು.

"ಸಾರ್, ನಾನು ಮಾಡಿಲ್ಲ ಸಾರ್," ಕೊನ್ರಾಡ್ ಗೊಣಗಿದ. "ಸೌದೆ ಕದಿಯೋಕೆ ಪಾರ್ಕಿಗೆ ಹೋಗಿದ್ದೆ. ಬರೋವಾಗ ಬಾಗಿಲು ಹಾಕಿತ್ತು. ರೈಲ್ವೆ ಸ್ಟೇಷನ್ನಲ್ಲಿ ಮಲಗಿದ್ದೆ. ನನ್ನ ಹತ್ರ ಬೀಗದ ಕೈಯೇ ಇಲ್ಲ ಸಾರ್."

"ಮಾಲ್ಕೊಂದು ಕಿತ್ಕೊಂಡೆ. ಕೊಂದೆ, ಅದರಲ್ಲೇ ಬಾಗಿಲು ತೆಗೆದು ಓಡಿದೆ," ಎಂದ ಟೀಲೆ. "ಮುಗೀತು."

"ಎಲ್ಲಿ ಮುಗೀತು?" ಕುಶ್ಕೆ ತಿರುಗಿದ. "ಅಮ್ಮಾ, ಹೆಡ್ವಿಗಮ್ಮಾ, ಹೊರಗೆ ಬಾ. ನನಗೆ ಹೇಳಿದ್ದನ್ನ ಇವನ ಮುಂದೂ ಹೇಳು."

ಮುದುಕಿ ತನ್ನ ಬಾಗಿಲಲ್ಲಿ ಕಾಣಿಸಿಕೊಂಡಳು. ಸೊಂಟಕ್ಕೆ ಗೋಣಿಯ ಏಪ್ರನ್, ಕೈಯಲ್ಲಿ ಚಿಕೋರಿ ಕಾಫಿಯ ಲೋಟ.

"ನನ್ನನ್ಯಾಕೆ ಎಳೀತೀರಪ್ಪಾ. ನನ್ನ ಒಲೆ ರಷ್ಯಾದಲ್ಲಿದೆ, ಕಿಟಕೀಲಿ ತಲೆ ಹಾಕಿದ್ರೆ ಮೂಗು ಫ್ರಾನ್ಸಿಗೆ ಹೋಗತ್ತೆ. ಸೀನೋಕೂ ಭಯ ನನಗೆ, ಯಾರ ಸರ್ಕಾರದಲ್ಲಿ ಸೀನಿದೆ ಅಂತ ಕೇಳಿದ್ರೆ ಏನು ಹೇಳ್ಲಿ?"

"ಅಮ್ಮಾ!"

"ಹೇಳ್ತೀನಿ, ಗದರಬೇಡ. ಅವತ್ತು ಬೆಳಿಗ್ಗೆ ಮಾಲ್ಕೊ ಇಲ್ಲೇ ನಿಂತು ಅಂದ, 'ಹೆಡ್ವಿಗ್, ನಿನ್ನೆ ಒಂದು ಹಳೇ ಮುಖ ಕಣ್ಣಿಗೆ ಬಿತ್ತು, ಯುದ್ಧದ ಜೊತೆ ಸತ್ತುಹೋಯ್ತು ಅಂದ್ಕೊಂಡಿದ್ದೆ' ಅಂತ. ಯಾರದು ಅಂದೆ. 'ಮೊದಲು ಹೇಳಬೇಕಾದವರಿಗೆ ಹೇಳ್ತೀನಿ' ಅಂದ. ರಾತ್ರಿ ಯಾರ ಜೊತೆಗೋ ಬಂದ, ಮಾತು ಕೇಳಿಸ್ತು. ಆಮೇಲೆ ಬೀದಿ ಬಾಗಿಲಿನ ಬೀಗ ಬಿದ್ದ ಸದ್ದು. ಬಂದೋನು ಹೋದ, ಮಾಲ್ಕೊನೇ ಹಾಕ್ಕೊಂಡ ಅಂತ ಮಗ್ಗುಲು ಬದಲಾಯಿಸಿದೆ. ಬೆಳಿಗ್ಗೆ ನೋಡಿದ್ರೆ ಇಲ್ಲಿ ಬಿದ್ದಿದ್ದಾನೆ." ಅವಳು ಲೋಟದಿಂದಲೇ ಮೆಟ್ಟಿಲ ಬುಡ ತೋರಿಸಿದಳು. "ಅಂಗಳದ ಅಗಳಿ ನಾನು ಹಾಕಿದ ಹಾಗೇ ಇತ್ತು. ಬೀದಿ ಬಾಗಿಲಿಗೆ ಬೀಗ ಬಿದ್ದಿತ್ತು. ಅವನ ಬೀಗದ ಕೈ ಇಲ್ಲ."

"ಕೇಳಿಸ್ತಾ?" ಎಂದ ಕುಶ್ಕೆ. "ಕೊಂದೋನು ಹೊರಗೆ ಹೋಗಿ ಬೀಗ ಹಾಕ್ಕೊಂಡು ಹೋಗಿದ್ದಾನೆ."

"ಹಾಕ್ದ. ಅದರಲ್ಲೇನು ದೊಡ್ಡ ವಿಷಯ?"

ಕುಶ್ಕೆ ಮುದುಕಿಯತ್ತ ಕೈ ಚಾಚಿದ. ಅವಳು ಏಪ್ರನ್ನಿನ ಜೇಬಿನಿಂದ ಮನೆಯವರ ಬೀಗದಕೈಯೊಂದನ್ನು ತೆಗೆದುಕೊಟ್ಟಳು. ಬೆರಳುದ್ದದ ಕಬ್ಬಿಣ. ಹಿಡಿಯಲು ಬಳೆಯಿಲ್ಲ, ಎರಡು ತುದಿಯಲ್ಲೂ ಹಲ್ಲು.

ಟೀಲೆ ಅದನ್ನು ಇಸಿದುಕೊಂಡು ಆಚೀಚೆ ತಿರುಗಿಸಿ ನೋಡಿದ. "ಇದೇನಿದು, ಎರಡು ಕಡೆ ತಲೆ? ನಮ್ಮೂರ ಕಡೆ ಬೀಗದ ಕೈ ಅಂದ್ರೆ ಹಾಕೋದು, ತಿರುಗಿಸೋದು, ತೆಗೆಯೋದು. ನೀವು ಬರ್ಲಿನ್ನಿನವರಿಗೆ ಎಲ್ಲದರಲ್ಲೂ ವಕ್ರ."

ಟೀಲೆ ಸ್ಯಾಕ್ಸನಿಯವನು. ಕೆಮ್ನಿಟ್ಸ್ ಪಕ್ಕದ ಹಳ್ಳಿ, ಹಿಟ್ಲರನ ಕಾಲದಲ್ಲಿ ಅಲ್ಲೇ ಸೆರೆಮನೆ, ಯುದ್ಧ ಮುಗಿದ ಮೇಲಷ್ಟೇ ಬರ್ಲಿನ್. ಇದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಕಥೆ. ಅಂದಿನಿಂದಲೂ ಅವನಿದ್ದದ್ದು ಪೊಲೀಸ್ ವಸತಿಯಲ್ಲಿ, ಅಲ್ಲಿ ಗೇಟು ತೆಗೆಯಲು ಕಾವಲುಗಾರನೇ ಇದ್ದ.

"ಕ್ನೋರ್, ನೀನು ಈ ಊರೋನು ತಾನೇ?" ಕುಶ್ಕೆ ಕೇಳಿದ. "ಸಂಜೆ ಮೇಲೆ ಈ ಬಾಗಿಲಿಂದ ಹೊರಗೆ ಹೋಗೋದು ಹೇಗೆ ಅಂತ ನಿಮ್ಮ ಸಾಹೇಬರಿಗೆ ಹೇಳು."

ಕ್ನೋರ್ ಕೆಮ್ಮಿದ. "ಒಳಗಿಂದ ಹಾಕಿ ತಿರುಗಿಸಿದ್ರೆ ಬೀಗ ತೆಗಿಯತ್ತೆ ಸಾಹೇಬ್ರೇ, ಆದ್ರೆ ಬೀಗದ ಕೈ ವಾಪಸ್ ಬರಲ್ಲ. ಕಚ್ಕೊಂಡುಬಿಡತ್ತೆ. ಅದನ್ನ ಬಾಗಿಲ ಆಚೆಗೆ ತೂರೋ ಹಾಗೆ ಒತ್ತಬೇಕು. ಆಮೇಲೆ ನಾವು ಹೊರಗೆ ಹೋಗಿ, ಬಾಗಿಲೆಳೆದು, ಆಚೆ ಬಂದಿರೋ ತಲೆ ಹಿಡಿದು ಬೀಗ ಹಾಕಬೇಕು. ಹಾಕಿದ್ರೆ ಮಾತ್ರ ಕೈಗೆ ಬರತ್ತೆ."

"ಬಾಗಿಲು ಹಾರುಹೊಡೆದು ಹೋಗೋ ಸೋಮಾರಿಗಳಿಗೆ ಅಂತಾನೇ ಮಾಡಿಸಿರೋದು," ಎಂದಳು ಹೆಡ್ವಿಗ್. "ಈ ಊರಲ್ಲಿ ಹುಟ್ಟಿದ ಮಗೂಗೂ ಗೊತ್ತು. ಹೊರಗಿನವರಿಗೆ ತಲೆಕೆಳಗಾಗಿ ನಿಂತ್ರೂ ಬರಲ್ಲ. ಈ ಕೊನ್ರಾಡನಿಗೆ ಒಂದ್ಸಲ ಕೊಟ್ಟಿದ್ದೆ, ಸಿಗಿಸಿಟ್ಟು ಗೋಳಾಡ್ತಿದ್ದ. ಇನ್ನು ನಿನಗೆ ಬೇಡಪ್ಪಾ ಅಂತ ಕಿತ್ಕೊಂಡೆ."

ಕುಶ್ಕೆ ಟೀಲೆಯ ಮುಖಕ್ಕೆ ಮುಖ ತಂದ. "ರಷ್ಯನ್ ಕೊಂದ ಅಂತ ನಮ್ಮ ಕಡೆ ಪೇಪರು ಬರೀತವೆ. ಅಮೆರಿಕದ ಏಜೆಂಟ್ ಕೊಂದ ಅಂತ ನಿಮ್ಮ ಪೇಪರು ಬರೀತವೆ. ಎರಡೂ ಬೊಗಳೆ. ಕೊಲೆ ಮಾಡಿ ಓಡೋನಿಗೆ ಬಾಗಿಲು ಹಾಕೋ ದರ್ದು ಏನೋ? ಯೋಚನೆ ಮಾಡಿ ಹಾಕಿದ್ದಲ್ಲ ಅದು. ಹುಟ್ಟಿದಾಗಿಂದ ಮಾಡಿದ ಅಭ್ಯಾಸ, ಕೈ ತಾನೇ ಮಾಡಿದೆ. ಕೊಂದೋನು ಬರ್ಲಿನ್ನಿನೋನು ಕಣೋ!"

ಕ್ನೋರ್ ತನಗೆ ಕಟ್ಟಿದ ಹುಡುಗನನ್ನು ಮೊದಲ ಸಲ ನೋಡುವವನಂತೆ ನೋಡಿದ.

ಆ ನೋಟ ಟೀಲೆಯ ಕಣ್ಣಿಗೂ ಬಿತ್ತು. ಪೇದೆಗೇ ಅನುಮಾನ ಬಂದರೆ ನಾಳೆ ಕಚೇರಿಯೆಲ್ಲ ಗುಸುಗುಸು.

"ಸರಿ," ಎಂದ ಅವನು. "ಇವನ ಕೈಲೇ ಮಾಡಿಸ್ತೀನಿ. ಈ ಮುದುಕಿ ಹೇಳೋ ಅಷ್ಟು ಕಷ್ಟ ಏನಿಲ್ಲ. ಬೇಡಿ ಬಿಚ್ಚು."

"ಸಾಹೇಬ್ರೇ, ಬಾಗಿಲಾಚೆ ಫ್ರೆಂಚರ ಜಾಗ. ಓಡಿದ್ರೆ?"

"ಅವನು ಓಡಿದ್ರೆ ಆ ಬೇಡಿ ನನ್ನ ಕೈಗೆ ಹಾಕು," ಎಂದ ಕುಶ್ಕೆ. "ಸಂಜೆ ಗಾಡಿಗೆ ನನ್ನನ್ನ ಹತ್ತಿಸು. ಕೊನ್ರಾಡ್, ಕೇಳಿಸ್ಕೊಂಡೆಯಾ? ನೀನು ಕಾಲು ಎತ್ತಿದ್ರೆ ನನ್ನ ಕತ್ತು ಹೋಗತ್ತೆ."

ಹುಡುಗ ತಲೆಯಾಡಿಸಿದ.

ಹಗಲೆಲ್ಲ ತೆರೆದಿರುವ ಬೀಗವನ್ನು ಹೆಡ್ವಿಗ್ ತನ್ನ ಬೇರೆಯ ಬೀಗದಕೈಯಿಂದ ರಾತ್ರಿ ಹಾಕುವ ಹಾಗೆ ಹಾಕಿದಳು. ಕ್ನೋರ್ ಬೇಡಿ ಬಿಚ್ಚಿ, ಪಕ್ಕಕ್ಕೆ ಸರಿದು ಪಿಸ್ತೂಲು ಹಿಡಿದ. ಟೀಲೆ ಎರಡು ತಲೆಯ ಬೀಗದಕೈಯನ್ನು ಕೊನ್ರಾಡನ ಅಂಗೈಗೆ ತುರುಕಿದ.

"ಮಾಲ್ಕೊ ಸತ್ತು ಬಿದ್ದಿದ್ದಾನೆ. ನೀನು ಓಡ್ಬೇಕು. ತೆಗಿ ಬಾಗಿಲು."

ಕೊನ್ರಾಡ್ ಬೀಗದಕೈ ಹಾಕಿದ. ತಿರುಗಿಸಿದ. ಬಾಗಿಲು ಒಳಕ್ಕೆ ಬಂತು.

ಬೆಳಕು ದಬಕ್ಕನೆ ಓಣಿಗೆ ಸುರಿಯಿತು. ಎದುರಿನ ಗೋಡೆಯಲ್ಲಿ ಹರಿದ ಪೋಸ್ಟರು, ಬಾಂಬಿಗೆ ಬಿದ್ದ ಮನೆಗಳ ಇಟ್ಟಿಗೆ ಕೆರೆದು ಚೊಕ್ಕ ಮಾಡುತ್ತ ಕೂತ ಹೆಂಗಸರು, ಅವರ ಮುಂದೆ ಪಶ್ಚಿಮದ ಪೊಲೀಸರ ಜೀಪು. ಬಾಗಿಲಲ್ಲಿ ನಿಂತ, ತಲೆ ಬೋಳಿಸಿದ ಕೈದಿ ಹುಡುಗನನ್ನು ಕಂಡು ಹೆಂಗಸರ ಕೈ ನಿಂತಿತು.

ಕೊನ್ರಾಡ್ ಒಂದು ಕ್ಷಣ ಆ ಬೆಳಕನ್ನು ನೋಡಿದ. ಆ ಜಾಗದಲ್ಲಿ ತಾನಿದ್ದರೆ ಓಡುತ್ತಿದ್ದೆನೋ ಏನೋ ಎಂದುಕೊಂಡ ಕುಶ್ಕೆ.

ಹುಡುಗ ಓಡಲಿಲ್ಲ. ಬೀಗದಕೈಯನ್ನು ತನ್ನ ಕಡೆಗೆ ಎಳೆದ. ಅದು ಬರಲಿಲ್ಲ. ಅಲ್ಲಾಡಿಸಿದ. ಎರಡೂ ಕೈಯಿಂದ ಹಿಡಿದು ಜಗ್ಗಿದ. ಬಾಗಿಲಿನ ಅಂಚು ನೋಡಿದ, ಹಿಂಭಾಗ ನೋಡಿದ, ಮತ್ತೆ ಜಗ್ಗಿದ.

"ಬರ್ತಿಲ್ಲ ಸಾರ್," ಎಂದ ಅಳುವ ದನಿಯಲ್ಲಿ. "ಇದು ಬರ್ತಾನೇ ಇಲ್ಲ."

"ಒತ್ತು ಅಂತ ಹೇಳಿದ್ದು ಕೇಳಿಸ್ಲಿಲ್ವಾ? ಒತ್ತೋ!"

ಕೊನ್ರಾಡ್ ಒತ್ತಿದ. ಆದರೆ ತಿರುಗಿಸಿದ್ದು ಅರ್ಧವೇ ಆಗಿತ್ತು, ಬೀಗದಕೈ ಒಳಗೆಲ್ಲೋ ಅಡ್ಡ ಸಿಕ್ಕಿಕೊಂಡಿತು. ಇನ್ನಷ್ಟು ಒತ್ತಿದ. ಬೆರಳ ಚರ್ಮ ಕಿತ್ತು ರಕ್ತ ಬಂತು.

"ಅಯ್ಯೋ ಬಿಡಪ್ಪಾ, ಬೀಗ ಮುರಿದೀಯ," ಎಂದಳು ಹೆಡ್ವಿಗ್. "ಹೇಳಿಕೊಟ್ಟ ಮೇಲೂ ಬರಲ್ಲ, ನೋಡಿ. ಕತ್ತಲಲ್ಲಿ, ಹೆಣ ಪಕ್ಕದಲ್ಲಿಟ್ಕೊಂಡು ಇವನು ಮಾಡಿದ್ನಂತೆ!"

"ನಾಟಕ!" ಟೀಲೆ ಹುಡುಗನ ಕೆನ್ನೆಗೆ ಬಾರಿಸಿದ. "ನಾಟಕ ಆಡ್ತೀಯಾ ನನ್ನ ಮುಂದೆ!" ಇನ್ನೊಂದು ಬಿಟ್ಟ. ಕೊನ್ರಾಡ್ ಕದಕ್ಕೆ ಒರಗಿ ಕುಸಿದ.

ಆಚೆಯಿಂದ ಕೂಗು ಎದ್ದಿತು. "ಹೊಡೀತಾ ಇದಾನೆ ನೋಡ್ರೇ! ಓಡಿ ಬಾರೋ ಹುಡುಗಾ, ಎರಡು ಹೆಜ್ಜೆ!" ಇಟ್ಟಿಗೆ ಚೂರೊಂದು ಹಾರಿಬಂದು ಚೌಕಟ್ಟಿಗೆ ಬಡಿಯಿತು. ಜೀಪಿನಿಂದ ಇಳಿದ ಪಶ್ಚಿಮದ ಸಾರ್ಜೆಂಟ್ ದಪದಪ ನಡೆದು ಬಂದು ಹೊಸಿಲಿನ ಕಲ್ಲಿನ ಮೇಲೇ ಬೂಟು ಇಟ್ಟ.

"ಏನ್ರೀ ನಡೀತಿದೆ ಇಲ್ಲಿ?"

"ಕಾಲು ತೆಗಿ!" ಟೀಲೆ ಕಿರುಚಿದ. "ರಷ್ಯನ್ ವಲಯದ ಮೇಲೆ ಕಾಲಿಟ್ಟಿದ್ದೀಯ, ತೆಗಿ ಅಂದೆ! ಕ್ನೋರ್, ಕೈದೀನ ಒಳಗೆ ಎಳ್ಕೋ!"

ಕ್ನೋರ್ ಹುಡುಗನ ಕಾಲರು ಹಿಡಿದು ಒಳಗೆಳೆದ. ಕೈದಿ ಒಳಗಿರಬೇಕು, ಬಾಗಿಲು ಬೀಳಬೇಕು, ಸಾರ್ಜೆಂಟನನ್ನು ಆಚೆ ನೂಕಬೇಕು. ಟೀಲೆಯ ತಲೆಯಲ್ಲಿ ಆಗ ಇದ್ದದ್ದು ಅಷ್ಟೇ. ಅವನು ಮೈಯೆಲ್ಲ ಬೆಂಕಿಯಾಗಿ ಸಾರ್ಜೆಂಟನ ಎದೆಗೆ ಎದೆ ಕೊಟ್ಟು ಹೊರಗೆ ನುಗ್ಗಿದ. ಬಾಯಿ ಬೈಯುತ್ತಲೇ ಇತ್ತು, ಕಣ್ಣು ಸಾರ್ಜೆಂಟನ ಮೇಲೇ ಇತ್ತು.

ಹೋಗುವಾಗ ಅವನ ಬಲಗೈ ತನ್ನಷ್ಟಕ್ಕೆ ಬೀಗದ ಮೇಲೆ ಹಾದುಹೋಯಿತು. ಅರ್ಧ ತಿರುಗಿದ್ದ ಬೀಗದಕೈಯನ್ನು ಬೆರಳು ನೇರ ಮಾಡಿತು. ಹೆಬ್ಬೆರಳು ಒತ್ತಿತು. ಕಬ್ಬಿಣ ಸರಕ್ಕನೆ ಆಚೆಗೆ ಜಾರಿತು. ಬಾಗಿಲು ಬಂದು ಬಡಿಯಿತು. ಆಚೆ ಬದಿಯಲ್ಲಿ ಬೀಗ ಬಿತ್ತು.

ಎಲ್ಲ ಒಂದೇ ಉಸಿರಿನಲ್ಲಿ.

ಓಣಿಯಲ್ಲಿ ಮತ್ತೆ ಕತ್ತಲೆ. ಬೀಗದಕೈ ಇದ್ದ ಕಡೆ ಈಗ ಒಂದು ಕಿರಿದಾದ ಕಂಡಿ, ಅದರಿಂದ ಕಡ್ಡಿಯಷ್ಟು ಬೆಳಕು ಒಳಗೆ ಬರುತ್ತಿತ್ತು. ಕುಶ್ಕೆ ಅದನ್ನೇ ನೋಡುತ್ತ ನಿಂತ. ಕ್ನೋರ್ ಕೂಡ. ಅವನ ಬಾಯಿ ತೆರೆದೇ ಇತ್ತು.

"ಅದೇ ಸದ್ದು," ಹೆಡ್ವಿಗ್ ಪಿಸುಗುಟ್ಟಿದಳು. "ದೇವರೇ. ಅವತ್ತೂ ಹೀಗೇ, ಒಂಚೂರೂ ತಡವರಿಸಲಿಲ್ಲ."

ಹೊರಗೆ ಟೀಲೆ ಇನ್ನೂ ಬೈಯುತ್ತಿದ್ದ. ನಡುವೆ ಒಂದು ಪದ ಅರ್ಧಕ್ಕೆ ನಿಂತಿತು. ಅವನಿಗೂ ತಿಳಿಯಿತೆಂದು ಕುಶ್ಕೆಗೆ ಗೊತ್ತಾಯಿತು. ಕೈಯಲ್ಲಿ ಏನೋ ತಣ್ಣಗಿದೆ ಎಂದು ನೋಡಿಕೊಂಡಿರಬೇಕು.

ಕುಶ್ಕೆ ಕದಕ್ಕೆ ಬಾಯಿ ಹಚ್ಚಿದ. ಅಷ್ಟು ಹೊತ್ತು ಕೂಗಾಡಿದವನ ದನಿ ಈಗ ಮೇಲೇಳಲಿಲ್ಲ.

"ಲೋಥರ್. ಕೆಮ್ನಿಟ್ಸ್‌ನಲ್ಲಿ ಯಾರಪ್ಪಾ ಕಲಿಸಿದ್ದು ಇದನ್ನ?"



ಇಲಾಖೆ ಸೀಳುವ ಸ್ವಲ್ಪ ಮುಂಚೆ, ಇಬ್ಬರೂ ಇನ್ನೂ ಒಂದೇ ಕಚೇರಿಯಲ್ಲಿದ್ದಾಗ, ಮಾಲ್ಕೊ ಸಾಯುವ ಹಿಂದಿನ ದಿನ ಕುಶ್ಕೆಯನ್ನು ಹುಡುಕಿಕೊಂಡು ಅಲ್ಲಿಗೆ ಬಂದಿದ್ದ. ಬಾಗಿಲ ಪಕ್ಕದ ಮೇಜಿನಲ್ಲಿ ಟೀಲೆ ಕೂತಿದ್ದ. ಮಾಲ್ಕೊ ಅವನನ್ನು ನೋಡಿ, ಟೋಪಿ ಕೂಡ ತೆಗೆಯದೆ ಹಾಗೇ ತಿರುಗಿ ಹೋಗಿದ್ದ. ಪೊಲೀಸರೆಂದರೆ ಅಂಜುವ ಜನ ಎಂದು ಕುಶ್ಕೆ ನಕ್ಕು ಬಿಟ್ಟಿದ್ದ. ಹಿಟ್ಲರನ ಕಾಲದಲ್ಲಿ ನಾಜಿಗಳು ಮಾಲ್ಕೊನನ್ನು ಹಿಡಿದು ಥಳಿಸಿದ್ದು ಇದೇ ಊರಿನ ನೆಲಮಾಳಿಗೆಯಲ್ಲಿ. ಥಳಿಸಿದವರ ಮುಖ ಅವನಿಗೆ ಮರೆತಿರಲಾರದು.

ಸೆರೆಮನೆಯಲ್ಲಿದ್ದೆ ಎಂದಿದ್ದ ಟೀಲೆ. ಇದ್ದದ್ದು ನಿಜವಿರಬೇಕು. ಕಂಬಿಯ ಯಾವ ಬದಿಯಲ್ಲಿ ಎಂದು ಯಾರೂ ಕೇಳಿರಲಿಲ್ಲ.

"ಲೋಥರ್, ತೆಗೆದು ಒಳಗೆ ಬಾ. ಬಂದು ಮಾತಾಡು. ಹುಡುಗನ ಜೀವ ಉಳೀಲಿ, ಆಮೇಲೆ ಏನಿದ್ರೂ ನೋಡೋಣ."

"ಸಾರ್..." ಎಂದಿತು ಕದದಾಚೆಯ ದನಿ. ಆ ದಿನವೆಲ್ಲ ಅವನು ಹಾಗೆ ಕರೆದಿರಲಿಲ್ಲ. ಬೂಟಿನ ಸದ್ದು ಕಲ್ಲಿನಿಂದ ಇಳಿಯಿತು.

ಕುಶ್ಕೆ ಓಡಿ ಹೆಡ್ವಿಗ್‌ಳ ಅಡುಗೆಮನೆಯ ಕಿಟಕಿಯ ಬಳಿ ಬಂದ. ಗಾಜಿನ ಬದಲು ರಟ್ಟು ಹೊಡೆದ ಕಿಟಕಿ, ಅದರಾಚೆ ಕಂಬಿ. ರಟ್ಟು ಹರಿದು ಕಣ್ಣಿಟ್ಟ.

ಟೀಲೆ ಕಾಲುದಾರಿಯ ಮೇಲೆ ನಿಂತಿದ್ದ, ಎರಡೂ ಕೈ ಎತ್ತಿ. ಹೆಂಗಸರ ಕೂಗು ನಿಂತಿತ್ತು. ಸಾರ್ಜೆಂಟ್ ಹುಬ್ಬು ಗಂಟಿಕ್ಕಿ ಕೇಳುತ್ತಿದ್ದ. ಟೀಲೆ ಮೆಲ್ಲಗೆ ಏನೋ ಹೇಳಿದ, ಪೂರ್ವದ ಕಡೆಗೆ ಬೆರಳು ತೋರಿಸಿದ, ಕೋಟಿನ ಪೂರ್ವದ ಬಿಲ್ಲೆಯನ್ನು ಕಿತ್ತು ಸಾರ್ಜೆಂಟನ ಅಂಗೈಯಲ್ಲಿಟ್ಟ.

ಸಾರ್ಜೆಂಟನ ಮುಖ ಅರಳಿತು. ಸಿಗರೇಟಿನ ಪ್ಯಾಕೆಟ್ ಹೊರಬಂತು. ಹೆಂಗಸರಲ್ಲಿ ಒಬ್ಬಳು ಚಪ್ಪಾಳೆ ತಟ್ಟಿದಳು.

"ಹಿಡ್ಕೋ ಅವನನ್ನ!" ಕುಶ್ಕೆ ಕಂಬಿ ಅಲ್ಲಾಡಿಸಿ ಕೂಗಿದ. "ಕೊಲೆಗಾರ ಅವನು! ನಾನು ಇನ್ಸ್‌ಪೆಕ್ಟರ್ ಕುಶ್ಕೆ, ನಿಮ್ಮವನು! ಹಿಡ್ಕೊಳ್ರೋ!"

ಸಾರ್ಜೆಂಟ್ ತಲೆಯೆತ್ತಿ ನೋಡಿದ. ರಷ್ಯನ್ ವಲಯದ ಮನೆಯ ಕಿಟಕಿಯಲ್ಲಿ ಬೊಬ್ಬಿಡುವ ಒಂದು ಕೆಂಪು ಮುಖ ಕಂಡಿತು. ತಪ್ಪಿಸಿಕೊಂಡು ಬಂದವನ ಮೇಲೆ ಆ ಕಡೆಯವರು ಕೊಲೆಯ ಅಪವಾದ ಹೊರಿಸುವುದೇನು ಹೊಸದೇ? ಅವನು ಪಕ್ಕಕ್ಕೆ ಉಗಿದು, ಟೀಲೆಯ ಹೆಗಲ ಮೇಲೆ ಕೈ ಹಾಕಿ ಜೀಪಿನತ್ತ ನಡೆಸಿದ.

ನಾಳೆ ಅವನಿಗೆ ಅಲ್ಲಿ ಬಿಸಿ ಊಟ, ಬೆಚ್ಚನೆ ಕೋಣೆ. ರಷ್ಯನ್ನರ ಕಚೇರಿಯ ಒಳಗುಟ್ಟು ಬಲ್ಲವನು. ಹಿಂದೆ ಏನಾಗಿದ್ದೆ ಎಂದು ಅವನನ್ನು ಯಾರು ಕೇಳುತ್ತಾರೆ?

"ಹೆಡ್ವಿಗಮ್ಮಾ, ನಿನ್ನ ಬೀಗದ ಕೈ ಕೊಡು! ಬೇಗ!"

"ಯಾರೂ ಬಾಗಿಲ ಹತ್ರ ಹೋಗ್ಬೇಡಿ." ಅಡುಗೆಮನೆಯ ಬಾಗಿಲಲ್ಲಿ ನಿಂತ ಕ್ನೋರನ ಪಿಸ್ತೂಲು ಕುಶ್ಕೆಯ ಎದೆಗೇ ತಿರುಗಿತ್ತು. "ನಮ್ಮ ಸಾಹೇಬ್ರು ಇಲ್ಲ. ಕೈದಿ ಇದಾನೆ, ನೀವಿದೀರ. ಕ್ಯಾಪ್ಟನ್ ಬಂದು ಕೇಳಿದ್ರೆ ನಾನೇನು ಹೇಳ್ಲಿ?"

"ನೀನೇ ನೋಡಿದೆಯಲ್ಲೋ! ಅವನ ಕೈ ನೋಡಿದೆ ತಾನೇ?"

"ನೋಡ್ದೆ," ಎಂದ ಕ್ನೋರ್. ಅವನ ಕಣ್ಣಲ್ಲಿ ನೀರಿತ್ತು. "ನೋಡಿದೀನಿ ಅಂತ ಅವರಿಗೆ ಹೇಳಿದ್ರೆ, ನಮ್ಮ ಇನ್ಸ್‌ಪೆಕ್ಟರೇ ಕೊಲೆಗಾರ, ನಮ್ಮ ಇನ್ಸ್‌ಪೆಕ್ಟರೇ ಪಶ್ಚಿಮಕ್ಕೆ ಓಡ್ದ ಅಂತ ಹೇಳಿದ್ರೆ, ನನ್ನನ್ನ ಉಳಿಸ್ತಾರಾ ಸಾರ್?"

ಕೊನ್ರಾಡ್ ಮೆಟ್ಟಿಲ ಬುಡದಲ್ಲಿ ಕೂತು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ. "ಅವರು ವಾಪಸ್ ಬಂದು ನಿಜ ಹೇಳ್ತಾರೆ ಅಲ್ವಾ ಸಾರ್?"

ಅಂಗಳದಲ್ಲಿ ಗಾಡಿಯೊಂದು ಬಂದು ನಿಂತ ಸದ್ದು. ಬಾಗಿಲುಗಳು ಪಟಪಟನೆ ತೆರೆದವು. ರಷ್ಯನ್ ಭಾಷೆಯಲ್ಲಿ ಯಾರೋ ಟೀಲೆಯ ಹೆಸರು ಹಿಡಿದು ಕರೆದರು.

ಕಿಟಕಿಯ ಆಚೆ ಜೀಪು ಚಾಲೂ ಆಯಿತು. ಟೀಲೆ ಹಿಂದಿನ ಸೀಟಿನಲ್ಲಿ ಸಿಗರೇಟು ಹಚ್ಚಿಕೊಂಡು ನೆಟ್ಟಗೆ ಕೂತಿದ್ದ. ಬೀದಿಯ ತಿರುವಿನಲ್ಲಿ ಜೀಪು ಮರೆಯಾಗುವವರೆಗೂ ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ.